ಬ್ಯಾಟರಾಯಪ್ಪನ ತೂಬು

ಸಾವಿರದ ಒಂಬೈನೂರ ಎಂಬತ್ತಾರರ ಆಷಾಢ. ತುಮಕೂರು ರಸ್ತೆಯ ಬಸ್ಸುಗಳೆಲ್ಲ ಮಳೆಗೆ ಎಲ್ಲೆಲ್ಲೋ ಸಿಕ್ಕಿಹಾಕಿಕೊಂಡಿದ್ದ ಒಂದು ಸಂಜೆ, ಮಾಕಳಿ ಹತ್ತಿರದ ಹೊಸ ಪ್ಲಾಸ್ಟಿಕ್ ಕಾರ್ಖಾನೆಯಿಂದ ಕೆಲಸ ಬಿಟ್ಟು ಬಂದ ಏಳೆಂಟು ಜನ ಗೌರಮ್ಮನ ಟೀ ಅಂಗಡಿಯ ತಗಡಿನಡಿ ಒತ್ತಿಕೊಂಡು ನಿಂತಿದ್ದರು. ಕರೆಂಟು ಹೋಗಿತ್ತು. ಸೀಮೆಎಣ್ಣೆ ಸ್ಟೌವಿನ ನೀಲಿ ಉರಿಯೊಂದೇ ಬೆಳಕು. ಆ ತಿಂಗಳಷ್ಟೇ ಕೆಲಸಕ್ಕೆ ಸೇರಿದ್ದ ದಿಲ್ಶಾದ್ ಹೊತ್ತು ಹೋಗಲಿ ಎಂದು ಕೇಳಿದಳು: "ಅಜ್ಜಿ, ಇಲ್ಲಿ ಮುಂಚೆ ಕೆರೆ ಇತ್ತಂತೆ, ಹೌದಾ?"

ಎಪ್ಪತ್ತರ ಗೌರಮ್ಮ ಉರಿ ತಗ್ಗಿಸಿ, ಸೆರಗು ಹೊದ್ದು ಕೂತಳು.

"ಇತ್ತಂತೆ ಅಂತ ಕೇಳ್ತೀಯಲ್ಲವ್ವ... ಈಗ ನೀನು ನಿಂತಿರೋದೇ ಕೆರೆ ಏರಿ ಮ್ಯಾಲೆ. ಕೂತ್ಕಳಿ ಎಲ್ರೂ, ಕತೆ ಏಳ್ತೀನಿ. ಆದ್ರೆ ನಡುವೆ ಯಾರೂ ಊಂಗುಟ್ಟಬ್ಯಾಡಿ. ಯಾಕೆ ಅಂತ ನಿಮ್ಗೇ ತಿಳೀತದೆ.

"ನಮ್ ಮಾವ ಬ್ಯಾಟರಾಯಪ್ಪ ಈ ಕೆರೆ ನೀರುಗಂಟಿ. ನೀರುಗಂಟಿ ಅಂದ್ರೆ ಗೊತ್ತಾ? ತೂಬು ಎತ್ತಿ, ಯಾರ್ ಗದ್ದೆಗೆ ಎಷ್ಟು ನೀರು ಅಂತ ಬಿಡೋನು. ಮೊಣಕಾಲ್ಗಂಟ ಪಂಚೆ ಎತ್ತಿ ಕಟ್ಟಿ, ಎಗಲ ಮ್ಯಾಲೆ ಸಲಿಕೆ ಇಟ್ಕಂಡು, ಬದೀನಾಗೆ ನಿಂತು 'ಬಿಡ್ಲಾ?' ಅಂತ ಕೇಳೋನು. ಗದ್ದೆಯೋನು 'ಬಿಡು' ಅಂದ್ರೇನೇ ನೀರು. ಅನ್ನದಿದ್ರೆ ಒಂದು ಬೊಗಸೇನೂ ಇಲ್ಲ. ಅಂಥಾ ನೇಮದ ಮನುಷ್ಯ... ಎಪ್ಪತ್ಮೂರರಾಗೆ ಕಾರ್ಖಾನೆಗಳು ಬತ್ತವೆ, ಊರು ಉದ್ಧಾರ ಆಯ್ತದೆ ಅಂತ ಏರಿ ಒಡೆದ್ರು. ನೀರೆಲ್ಲ ಓಯ್ತು. ಆದ್ರೂ ಮಾವ ದಿನಾ ಮಧ್ಯಾಹ್ನ ಒಣಗಿದ ತೂಬಿನ ಗುಂಡಿಗೆ ಇಳಿದು ಸುಮ್ನೆ ಕೂತಿರೋನು. ಒಂದಿನ ಇಳಿದೋನು ಮ್ಯಾಲೆ ಬರ್ಲಿಲ್ಲ. ಎಂಗೆ ಬಂದಾನು? ಅವತ್ತೇ ಲಾರಿಗಳು ಬಂದು ಮಣ್ಣು ಸುರಿದ್ವು... ನಾನು ಓಡೋಗಿ ಕಾಲಿಗೆ ಬಿದ್ದೆ. 'ಅಗೀರಪ್ಪಾ, ಒಳಗೆ ಮನ್ಸ ಅವ್ನೆ' ಅಂದೆ. 'ಮುದುಕ ಎಲ್ಲೋ ನೆಂಟರ ಮನೆಗೆ ಹೋಗಿರ್ತಾನೆ, ನಡಿಯಮ್ಮ' ಅಂದ್ರು. ಅದೇ ಮಣ್ಣಿನ ಮ್ಯಾಲೆ ಶೆಡ್ ಎದ್ದಿತು."

ಅದು ಎರಕದ ಕಾರ್ಖಾನೆ. ಹೊಟ್ಟೆಪಾಡು ಯಾರನ್ನು ಬಿಟ್ಟೀತು? ಗೌರಮ್ಮ ಅಲ್ಲೇ ಮರಳು ಜರಡಿ ಹಿಡಿಯುವ ಕೆಲಸಕ್ಕೆ ಸೇರಿದಳು. ಅಚ್ಚು ಕಟ್ಟುವುದಕ್ಕೆ ಯಶವಂತಪುರದಿಂದ ನೂರುಲ್ಲಾ ಬರುತ್ತಿದ್ದ. ಮೂವತ್ತು ದಾಟಿರಲಿಲ್ಲ, ಮರಳನ್ನು ಅಂಗೈಯಲ್ಲಿ ಹಿಂಡಿ ನೋಡಿಯೇ ಅದರ ತೇವ ಎಷ್ಟೆಂದು ಹೇಳಬಲ್ಲವನಾಗಿದ್ದ. ಹೆಂಡತಿ ನಸೀಮಾಳ ತಮ್ಮ ಖುದ್ದೂಸನನ್ನೂ ಅವನೇ ಕರೆತಂದು ಕೆಲಸಕ್ಕೆ ಹಚ್ಚಿದ್ದ. ಶೆಡ್ಡಿನ ನಡುವೆ ಆಳೆತ್ತರದ ಗುಂಡಿಯಿತ್ತು. ಅದರೊಳಗೆ ನೂರುಲ್ಲಾ ಮರಳಿನ ಅಚ್ಚು ಕಟ್ಟಿ, ಕೆಂಡವಿಟ್ಟು ಒಣಗಿಸುತ್ತಿದ್ದ. ಸರಪಳಿಯಲ್ಲಿ ತೂಗುತ್ತ ಬಂದ ಕರಗಿದ ಕಬ್ಬಿಣದ ಬಾನಿಯನ್ನು ಖುದ್ದೂಸ್ ಗುಂಡಿಯ ಅಂಚಿನಲ್ಲಿ ನಿಂತು ಬಗ್ಗಿಸುತ್ತಿದ್ದ. ಬಗ್ಗಿಸುವ ಮುನ್ನ "ಬಿಡ್ಲಾ?" ಎಂದು ಕೂಗುವನು; ನೂರುಲ್ಲಾ "ಬಿಡು" ಎನ್ನುವನು. ಅಚ್ಚಿನಲ್ಲಿ ಒಂದು ಲೋಟ ನೀರು ಉಳಿದಿದ್ದರೂ ಸಾಕು, ಆ ಕಬ್ಬಿಣ ಬಾಂಬಿನಂತೆ ಸಿಡಿಯುತ್ತದೆ.

ಎಪ್ಪತ್ತೆಂಟರಲ್ಲಿ ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ನೂರುಲ್ಲಾ ಒಬ್ಬನೇ ಕೆಂಡ ಕೆದಕುತ್ತಿದ್ದ. ಗುಂಡಿಯ ಆಚೆ ಅಂಚಿನಲ್ಲಿ ಒಬ್ಬ ಮುದುಕ ಕಾಲು ಇಳಿಬಿಟ್ಟು ಕೂತಿದ್ದ. ಎತ್ತಿ ಕಟ್ಟಿದ ಪಂಚೆ, ಮೊಣಕಾಲವರೆಗೆ ಹಸಿ ಕೆಸರು, ಹೆಗಲಲ್ಲಿ ಸಲಿಕೆ. ಹೊರಗೆ ಸುಡು ಬಿಸಿಲು.

"ಬಿಡ್ಲಾ?" ಎಂದ ಮುದುಕ.

"ಯಾರಜ್ಜಾ ನೀವು? ಇಲ್ಲೆಲ್ಲ ಬರಬಾರ್ದು," ಎಂದು ನೂರುಲ್ಲಾ ಏಣಿ ಹತ್ತಿ ಮೇಲೆ ಬರುವಷ್ಟರಲ್ಲಿ ಅಂಚು ಖಾಲಿ. ನೆಲದ ಮೇಲೆ ಒದ್ದೆ ಹೆಜ್ಜೆಗಳಿದ್ದವು. ನೂರುಲ್ಲಾ ಅವುಗಳ ಹಿಂದೆ ನಡೆದು ನೋಡಿದ. ಬಾಗಿಲಿನಿಂದ ಬಂದ ಹೆಜ್ಜೆ ಒಂದೂ ಇರಲಿಲ್ಲ. ಗುಂಡಿಯಿಂದ ಹೊರಟ ಹೆಜ್ಜೆಗಳು ಒಂದು ಸುತ್ತು ಹಾಕಿ ಮತ್ತೆ ಗುಂಡಿಗೇ ಇಳಿದಿದ್ದವು.

"ನನ್ನತ್ರ ಬಂದು ಏಳ್ದ," ಗೌರಮ್ಮನ ದನಿ ತಗ್ಗಿತು. "ಜರಡಿ ಕೈಯಿಂದ ಬಿದ್ದೋಯ್ತು ಕಣ್ರಪ್ಪ. 'ಏನಾದ್ರೂ ಅಂದ್ಯಾ?' ಅಂದೆ. 'ಇಲ್ಲಮ್ಮ' ಅಂದ. 'ಅದು ನಮ್ ಮಾವ, ನೂರುಲ್ಲಾ. ಅವ್ನು ಕೇಳ್ದಾಗ ಬಿಡು ಅಂತ ಮಾತ್ರ ಅನ್ನಬ್ಯಾಡ, ಅಂದ್ರೆ ನೀರು ಬತ್ತದೆ' ಅಂದೆ."

ಆ ಸಂಜೆಯೇ ನೂರುಲ್ಲಾ ಖುದ್ದೂಸನಿಗೆ ಹೇಳಿದ: ಇನ್ನುಮುಂದೆ ಬಾಯಲ್ಲಿ ಕೇಳಬೇಡ, ಸೀಟಿ ಊದು, ನಾನು ಕೈ ಎತ್ತುತ್ತೇನೆ. "ಮುದುಕನಿಗೆ ಹೆದ್ರಿದ್ರಾ, ದುಲ್ಹೇಭಾಯ್?" ಎಂದು ಖುದ್ದೂಸ್ ಭಾವನನ್ನು ಕೇಳಿ ನಕ್ಕ. ನಕ್ಕರೂ ಮರುದಿನ ಸೀಟಿ ತಂದ. ಹತ್ತು ದಿನ ಸೀಟಿಯಲ್ಲೇ ಕೆಲಸ ನಡೆಯಿತು.

ಹನ್ನೊಂದನೆಯ ದಿನ ಆ ಕಾರ್ಖಾನೆಯ ಅತಿ ದೊಡ್ಡ ಎರಕ. ನೋಡಲು ಪಟ್ಟಣದಿಂದ ದೊಡ್ಡವರು ಕಾರುಗಳಲ್ಲಿ ಬಂದಿದ್ದರು. ಕುಲುಮೆ ಮೊರೆಯುತ್ತಿತ್ತು, ಮ್ಯಾನೇಜರು ಅವಸರಪಡಿಸುತ್ತಿದ್ದ. ನೂರುಲ್ಲಾ ಆಗಷ್ಟೇ ಅಚ್ಚು ಮುಟ್ಟಿ ನೋಡಿದ್ದ, ಹಪ್ಪಳದಂತೆ ಒಣಗಿತ್ತು. ಗುಂಡಿಯ ಪಕ್ಕ ಬಗ್ಗಿ, ಅಚ್ಚಿನ ಬಾಯಿಗೆ ಬಿದ್ದಿದ್ದ ಮರಳನ್ನು ಊದುತ್ತಿದ್ದಾಗ ಬೆನ್ನ ಹಿಂದೆಯೇ ದನಿ ಕೇಳಿಸಿತು. ಖುದ್ದೂಸನದೇ ದನಿ. ಅದೇ ಎಳೆತ, ಅದೇ ಸಲಿಗೆ...

"ಬಿಡ್ಲಾ?"

"ಬಿಡು," ಎಂದುಬಿಟ್ಟ ನೂರುಲ್ಲಾ. ವರ್ಷಗಳ ರೂಢಿ. ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳಿತು.

ಅಂದ ಮೇಲೆ ತಲೆಯೆತ್ತಿದ. ಖುದ್ದೂಸ್ ಎದುರು ಅಂಚಿನಲ್ಲಿ ನಿಂತಿದ್ದ, ಸೀಟಿಯನ್ನು ಬಾಯಿಗಿಡುತ್ತಿದ್ದ. ಭಾವನ ಬಾಯಿಂದ "ಬಿಡು" ಎಂದು ಕೇಳಿದ ಕೂಡಲೇ ಸೀಟಿ ಇಳಿಸಿ ಬಾನಿಯ ಚಕ್ರಕ್ಕೆ ಕೈ ಹಾಕಿದ. ನೂರುಲ್ಲಾ ಕೆಳಗೆ ನೋಡಿದ. ಒಣ ಅಚ್ಚಿನ ಬಾಯಲ್ಲಿ ಕಪ್ಪು ನೀರು ಗುಳುಗುಳು ಏರುತ್ತಿತ್ತು. "ನಿಲ್ಸೋ! ಬೇಡ!" ಎಂದು ಅವನು ಕಿರುಚುವಷ್ಟರಲ್ಲಿ ಚಕ್ರ ತಿರುಗಿಯಾಗಿತ್ತು. ಬಾನಿ ಬಗ್ಗಿತು.

ಸಿಡಿದ ಸದ್ದಿಗೆ ತಗಡುಗಳು ಹಾರಿದವು. ಹೊಗೆ ತಿಳಿಯಾದಾಗ ಖುದ್ದೂಸ್ ನಿಂತಿದ್ದ ಜಾಗದಲ್ಲಿ ಕೆಂಪಗೆ ಕಾದ ಕಬ್ಬಿಣ ಮಾತ್ರ ಹರಡಿತ್ತು.

ಅಚ್ಚು ಸರಿಯಾಗಿ ಒಣಗಿಸಿರಲಿಲ್ಲ ಎಂದು ತಪ್ಪನ್ನೆಲ್ಲ ನೂರುಲ್ಲಾನ ತಲೆಗೆ ಕಟ್ಟಿದರು. ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ಅವನು ಮ್ಯಾನೇಜರ ಮುಂದೆ ನಿಂತು, ಗುಂಡಿಯ ತಳ ಅಗೆಸಿ, ಕೆಳಗೊಬ್ಬ ಮನುಷ್ಯನಿದ್ದಾನೆ, ಅವನನ್ನು ಮಣ್ಣು ಮಾಡಿ ಎಂದು ಅಂಗಲಾಚಿದ. ಮರುವಾರ ಗುಂಡಿಗೆ ಕಾಂಕ್ರೀಟು ಸುರಿದು ಮುಚ್ಚಿದರು. ಮನೆಯಲ್ಲಿ ನಸೀಮಾ ಅಳಲಿಲ್ಲ, ಬಯ್ಯಲಿಲ್ಲ. ಒಂದೇ ಮಾತು ಕೇಳಿದಳು: "ಬಿಡು ಅಂದಿದ್ದು ನೀವೇನಾ?" ನೂರುಲ್ಲಾನಿಗೆ ಸುಳ್ಳು ಹೇಳಲಾಗಲಿಲ್ಲ. ಅವಳು ತವರಿಗೆ ಹೋದವಳು ತಿರುಗಿ ಬರಲಿಲ್ಲ. ಅವನು ಕೆಲಸ ಬಿಟ್ಟು ಆರ್.ಟಿ. ನಗರದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟ. ಹಿಂದಿನಿಂದ ಯಾರು ಏನು ಕೇಳಿದರೂ ಮಾತಾಡುವುದಿಲ್ಲ. ತಿರುಗಿ, ಮುಖ ನೋಡಿ, ಕಾಲು ನೋಡಿ, ಆಮೇಲೆಯೇ ಉತ್ತರ.

ಗೌರಮ್ಮ ಮಾತು ನಿಲ್ಲಿಸಿದಳು. ತಗಡಿನ ಮೇಲೆ ಮಳೆ ಜೋರಾಯಿತು.

"ಆ ಕಾರ್ಖಾನೆ ಮುಚ್ಚಿ ಮೂರ್ ವರ್ಸ ಆಯ್ತು. ಅದೇ ಕಾಂಕ್ರೀಟಿನ ಮ್ಯಾಲೆ ನಿಮ್ ಮೆಸೀನುಗಳು ಕೂತವೆ. ಮಾವನ್ನ ಇವತ್ತಿಗೂ ಯಾರೂ ಅಗೆದು ತೆಗೀಲಿಲ್ಲ... ಈಗ ಅವ್ನು ನನ್ನತ್ರ ಬತ್ತಾನೆ. ದಿನಾ ಮಧ್ಯಾಹ್ನ, ನೀವೆಲ್ಲ ಒಳಗೆ ಕೆಲ್ಸದಾಗಿರೋ ವೊತ್ನಾಗೆ, ಈ ಬೆಂಚಿನ ಪಕ್ಕ ನಿಂತು ಕೇಳ್ತಾನೆ. ಇನ್ಯಾರನ್ನ ಕೇಳಾನು? ನಾನು ಮನೆ ಸೊಸೆ ಅಲ್ವಾ?"

ದಿಲ್ಶಾದ್ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಿದ್ದಳು. "ನೀವು... ಏನಂದ್ರಿ ಅಜ್ಜಿ?"

ಗೌರಮ್ಮ ಕತ್ತಲಲ್ಲಿ ಕಾರ್ಖಾನೆಯ ಕಡೆ ನೋಡಿದಳು.

"ಇವತ್ತಿನ್ಗಂಟ ಏನೂ ಅಂದಿಲ್ಲ ಕಣವ್ವ."