ಹುಳಿಮಾವಿನ ಮದುವೆ ಇರುವ ಹಾರ್ಡ್ ಡಿಸ್ಕ್ ಬಗ್ಗೆ

ಹೇಳಿಕೆ ಕೊಡುವವನ ಹೆಸರು: ಸಂಗಮೇಶ, ತಂದೆಯ ಹೆಸರು ಕರೆಪ್ಪ
ವಯಸ್ಸು: 22 ವರ್ಷ
ಓದು: ಐದನೇ ಇಯತ್ತೆ
ಕೆಲಸ: ಮದುವೆ ವಿಡಿಯೋ ತೆಗೆಯುವವರ ಬಳಿ ಲೈಟ್ ಹಿಡಿಯುವುದು, ಕಂಪ್ಯೂಟರ್ ನೋಡಿಕೊಳ್ಳುವುದು
ವಾಸ: ಬಿ.ಟಿ.ಎಂ. ಲೇಔಟ್ 2ನೇ ಹಂತ, 16ನೇ ಮೇನ್, ನೀರಿನ ಟ್ಯಾಂಕ್ ಹಿಂದಿನ ವಠಾರ, ಮೂರನೇ ರೂಮು
ಸ್ವಂತ ಊರು: ಬಾಗಲಕೋಟೆ ಜಿಲ್ಲೆ, ಹುನಗುಂದ ತಾಲೂಕು

ನನಗೆ ಗೊತ್ತಿರುವುದನ್ನು ನಡೆದ ಹಾಗೆಯೇ ಬರೆದು ತಮ್ಮ ಮುಂದೆ ಇಡುವುದೇನೆಂದರೆ,

ಇವತ್ತು ದಿನಾಂಕ 13-10-2008, ಸೋಮವಾರ. ಈಗ ಸಂಜೆ 4 ಗಂಟೆ 5 ನಿಮಿಷ. ಜಯನಗರ 9ನೇ ಬ್ಲಾಕಿನಲ್ಲಿರುವ ಪಿಳ್ಳಣ್ಣ ಎಂಬುವರ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನಾನು ಕೆಲಸ ಮಾಡುವ ವೆಂಕಟಾಚಲ ಸಾರ್ ಅವರು, ತಮ್ಮ ಎರಡು ಹಾರ್ಡ್ ಡಿಸ್ಕ್‌ಗಳನ್ನು ನಾನು ಕದ್ದಿದ್ದೇನೆ ಎಂದು ದೂರು ಕೊಟ್ಟಿದ್ದಾರೆ. ಹೆಡ್ ಕಾನ್‌ಸ್ಟೇಬಲ್ ಬೈಲಪ್ಪ ಅವರು ಮೊದಲು ನಾನು ಹೇಳುವುದನ್ನು ತಾವೇ ಬರೆದುಕೊಳ್ಳಲು ಕುಳಿತರು. ಏನಂದೆ, ಏನಂದೆ ಎಂದು ನಾಲ್ಕೈದು ಸಲ ಕೇಳಿದರು. ಆಮೇಲೆ, ನಿನ್ನ ಬಾಯಿಂದ ಮಾತು ಹೊರಗೆ ಬರೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ, ಅಕ್ಷರ ಬಂದ್ರೆ ನೀನೇ ಬರಿಯಪ್ಪ ಎಂದು ಹಾಳೆ ಕೊಟ್ಟರು. ಹೇಳಿಕೆ ಮುಗಿಯುವ ತನಕ ಯಾರೂ ವೈರ್ ಮುಟ್ಟಬೇಡಿ, ಮುಗಿದ ತಕ್ಷಣ ಡಿಸ್ಕ್ ಬಿಚ್ಚಿ ಕೊಡಬೇಕು ಎಂದೂ ಹೇಳಿದರು. ಆದ್ದರಿಂದ ನಾನು ಯಾವುದನ್ನೂ ಬಿಡದೆ ಬರೆಯುತ್ತೇನೆ.

ಎರಡು ಡಿಸ್ಕ್‌ಗಳಲ್ಲಿ ಒಂದು ಪೂರ್ತಿ ಹಾಳಾಗಿದೆ. ಇನ್ನೊಂದು ನನ್ನ ಎಡಗಡೆ ಒಂದೂವರೆ ಅಡಿ ದೂರದಲ್ಲಿ ಮೇಜಿನ ಮೇಲೆ ಓಡುತ್ತಿದೆ. ಅದರಿಂದ ಒಂದು ಫೈಲ್ ಬೇರೆ ಡಿಸ್ಕಿಗೆ ಕಾಪಿ ಆಗುತ್ತಿದೆ. ಅದು ಭಾಗ್ಯಜ್ಯೋತಿ ಎಂಬುವರ ಮದುವೆಯ ಎರಡನೇ ಟೇಪ್. ತಾಳಿ ಕಟ್ಟಿದ್ದು ಅದರಲ್ಲಿದೆ. ಪರದೆಯ ಮೇಲೆ 52 ಪರ್ಸೆಂಟ್ ಎಂದು ತೋರಿಸುತ್ತಿದೆ. ನಡುವೆ ನಿಂತರೆ ಬಂದಷ್ಟೂ ತೆರೆಯುವುದಿಲ್ಲ.

ವೆಂಕಟಾಚಲ ಸಾರ್ ಅವರು ಬನಶಂಕರಿ 2ನೇ ಹಂತದಲ್ಲಿ ತಮ್ಮ ಮನೆಯಲ್ಲೇ ಸ್ಟುಡಿಯೋ ನಡೆಸುತ್ತಾರೆ. ನಾನು 2004ರಿಂದ ಅವರ ಬಳಿ ಇದ್ದೇನೆ. ಮೊದಲು ಮದುವೆಯ ಟೇಪುಗಳನ್ನು ಬೀರುವಿನಲ್ಲಿ ಇಡುತ್ತಿದ್ದೆವು. ಎರಡು ಟೇಪಿಗೆ ಬೂಷ್ಟು ಬಂದ ಮೇಲೆ, ಎಲ್ಲ ಮದುವೆಗಳನ್ನೂ ಇಡಲು ಮನೆಯಲ್ಲೇ ಒಂದು ಸರ್ವರ್ ಮಾಡೋಣ ಎಂದು ಸಾರ್ ಹೇಳಿದರು. ಸರ್ವರ್ ಎಂದರೆ ಒಂದು ಕಂಪ್ಯೂಟರ್ ಪೆಟ್ಟಿಗೆ, ಒಳಗೆ ಎರಡು ಡಿಸ್ಕ್. ಒಂದರಲ್ಲಿ ಹಾಕಿದ್ದು ತಾನಾಗಿಯೇ ಎರಡನೆಯದರಲ್ಲೂ ಇರುತ್ತದೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಹೀಗೆ ಮಾಡುತ್ತಾರೆ.

ದಿನಾಂಕ 14-10-2005ರಂದು ಬೆಳಿಗ್ಗೆ 11 ಗಂಟೆಗೆ ಸಾರ್ ಮತ್ತು ನಾನು ಡಿಸ್ಕ್ ಆರಿಸಲು ಇದೇ ಅಂಗಡಿಗೆ ಬಂದೆವು. ಪಿಳ್ಳಣ್ಣ ಅವರು ಐದು ಡಿಸ್ಕ್ ಮೇಜಿನ ಮೇಲಿಟ್ಟು ಕರೆಂಟ್ ಕೊಟ್ಟರು. ನಾಲ್ಕು ಒಂದೇ ಪೆಟ್ಟಿಗೆಯವು, ಒಂದು ಬೇರೆ ಕಂಪನಿಯದು. ನಿನ್ನ ಕಿವಿ ಚೆನ್ನಾಗಿದೆ, ನೀನೇ ಆರಿಸು ಎಂದು ಸಾರ್ ನನಗೆ ಹೇಳಿದರು. ನಾನು ಒಂದೊಂದಕ್ಕೂ ಕಿವಿ ಇಟ್ಟು ಕೇಳಿದೆ. ಒಂದೇ ಪೆಟ್ಟಿಗೆಯ ಎರಡು ಡಿಸ್ಕ್‌ಗಳು ಸದ್ದೇ ಮಾಡುತ್ತಿರಲಿಲ್ಲ. ಅವನ್ನೇ ತೋರಿಸಿದೆ. ಬೇರೆ ಕಂಪನಿಯದು ಗರಗರ ಎನ್ನುತ್ತಿತ್ತು.

ಸಾರ್ ಫೋನ್ ಬಂದು ಹೊರಗೆ ಹೋದಾಗ ಪಿಳ್ಳಣ್ಣ ಅವರು ನನ್ನ ಹತ್ತಿರ ಬಂದು, ಮಾತಾಡದ ಹೆಣ್ಣು ಆರಿಸೋ ಹಂಗೆ ಆರಿಸಿದೀಯಲ್ಲ ಮಗಾ, ಇವೆರಡೂ ಒಂದೇ ವಾರ ತಯಾರಾಗಿರೋವು, ಇದಕ್ಕೆ ಬರೋ ಕಾಯಿಲೆ ಅದಕ್ಕೂ ಅವತ್ತೇ ಬರುತ್ತೆ, ಒಂದು ಇದ್ರಲ್ಲಿ ತಗೊ, ಒಂದು ಆ ಗರಗರದ್ದು ತಗೊ, ನಿಮ್ ಸಾರ್‌ಗೆ ಹೇಳು ಎಂದರು. ಆಗಲಿ ಎಂದೆ. ಸಾರ್ ಒಳಗೆ ಬಂದು ಎರಡರ ನಂಬರ್ ಓದಿದರು. ಒಂದರ ಕೊನೆಗೆ 417, ಇನ್ನೊಂದಕ್ಕೆ 418 ಇತ್ತು. ಅವಳಿ ಮಕ್ಕಳು ಇದ್ದ ಹಾಗಿವೆ, ಮೂರು ವರ್ಷ ಗ್ಯಾರಂಟಿ ಬೇರೆ ಇದೆ, ಇನ್ನೇನು ಬೇಕು ಎಂದು ಖುಷಿಪಟ್ಟರು. ಅವರು ಖುಷಿಯಲ್ಲಿದ್ದುದರಿಂದ ನಾನು ಪಿಳ್ಳಣ್ಣ ಅವರ ಮಾತನ್ನು ಹೇಳಲಿಲ್ಲ. ಪಿಳ್ಳಣ್ಣ ಅವರು ನನ್ನ ಮುಖ ನೋಡಿದರು. ನಾನು ಬೇರೆ ಕಡೆ ನೋಡಿದೆ.

ಗ್ಯಾರಂಟಿ ಎಂದರೆ ಒಳಗಿರುವ ಮದುವೆಗಳಿಗೂ ಮೂರು ವರ್ಷ ಏನೂ ಆಗುವುದಿಲ್ಲ ಎಂದು ನಾನು ತಿಳಿದಿದ್ದೆ. ಸಾರ್ ಕೂಡ ಹಾಗೆಯೇ ತಿಳಿದಿದ್ದರು. ಆದ್ದರಿಂದ ಮದುವೆಯನ್ನು ಡಿಸ್ಕಿಗೆ ಹಾಕಿದ ಮೇಲೆ ಅದೇ ಟೇಪಿನ ಮೇಲೆ ಮುಂದಿನ ಮದುವೆ ತೆಗೆಯುತ್ತಿದ್ದೆವು. ಆ ಕೆಲಸ ಮಾಡುತ್ತಿದ್ದವನು ನಾನೇ.

ಈಗ 4 ಗಂಟೆ 17 ನಿಮಿಷ. 61 ಪರ್ಸೆಂಟ್ ಆಗಿದೆ. ವೆಂಕಟಾಚಲ ಸಾರ್ ಅವರು ಸರ್ವಿಸ್ ಸೆಂಟರ್ 5 ಗಂಟೆಗೆ ಮುಚ್ಚುತ್ತೆ, ಇವನು ರಾಮಾಯಣ ಬರೀತಾ ಕೂತಿದಾನೆ ಎಂದು ಬೈಲಪ್ಪ ಅವರಿಗೆ ಹೇಳುತ್ತಿದ್ದಾರೆ.

ದಿನಾಂಕ 11-05-2006ರಂದು ಹುಳಿಮಾವು ಕೆರೆಯ ಹತ್ತಿರದ ಒಂದು ಸಣ್ಣ ದೇವಸ್ಥಾನದಲ್ಲಿ ಭಾಗ್ಯಜ್ಯೋತಿ ಮತ್ತು ಮುತ್ತುರಾಜ ಎಂಬುವರ ಮದುವೆ ನಡೆಯಿತು. ಭಾಗ್ಯಜ್ಯೋತಿಯ ತಾಯಿ ಮುನಿಯಕ್ಕ ಅವರು ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುತ್ತಾರೆ. ಮದುವೆಗೆ ಕಾರ್ಡ್ ಹೊಡೆಸಿರಲಿಲ್ಲ, ಫೋಟೋದವರನ್ನೂ ಕರೆದಿರಲಿಲ್ಲ. ಫೋಟೋ ಸುಮ್ಮನಿರುತ್ತೆ, ವಿಡಿಯೋದಲ್ಲಿ ಮಗಳು ಓಡಾಡ್ತಾಳೆ ಎಂದು ಮುನಿಯಕ್ಕ ಅವರು ವಿಡಿಯೋ ಒಂದನ್ನೇ ಮಾಡಿಸಿದ್ದರು. ಸಾರ್ ಕ್ಯಾಮೆರಾ ಹಿಡಿದಿದ್ದರು, ನಾನು ಲೈಟ್ ಹಿಡಿದಿದ್ದೆ. ಸಿ.ಡಿ. ಮಗಳ ಜೊತೆ ಗಂಡನ ಮನೆಗೆ ಹೋಯಿತು.

ದಿನಾಂಕ 08-10-2008 ಆಯುಧಪೂಜೆ. ಸರ್ವರ್ ಮೂರು ವರ್ಷದಿಂದ ಹಗಲು ರಾತ್ರಿ ಓಡುತ್ತಲೇ ಇತ್ತು. ಕರೆಂಟ್ ಹೋದರೆ ಇನ್ವರ್ಟರ್ ಇತ್ತು. ಪೂಜೆಯ ದಿನ ಎಲ್ಲ ಮೆಷಿನ್ ಆಫ್ ಮಾಡಿ, ಒರೆಸಿ, ಕುಂಕುಮ ಇಟ್ಟು, ಮಾರನೆಯ ದಿನವೂ ಮುಟ್ಟದೆ ಬಿಡುವುದು ಸಾರ್ ಮನೆಯ ಪದ್ಧತಿ. ಬಹಳ ದಿನ ಓಡಿದ ಡಿಸ್ಕನ್ನು ನಿಲ್ಲಿಸಬಾರದು, ನಿಂತರೆ ಮತ್ತೆ ಏಳುವುದು ಕಷ್ಟ ಎಂದು ಪಿಳ್ಳಣ್ಣ ಅವರು ನನಗೆ ಹೇಳಿದ್ದರು. ಹಿಂದಿನ ವರ್ಷಗಳಲ್ಲಿ ನಾನು ಮಾನಿಟರ್ ಮಾತ್ರ ಆರಿಸಿ, ಸರ್ವರ್ ಮುಂದಿನ ದೀಪದ ಮೇಲೆ ಚೆಂಡುಹೂವು ಇಟ್ಟು ಮರೆಮಾಡಿದ್ದೆ. ಈ ವರ್ಷ ಬೆಳಿಗ್ಗೆ 9 ಗಂಟೆ 30 ನಿಮಿಷಕ್ಕೆ ಸಾರ್ ಹೂವು ಸರಿಸಿ ದೀಪ ನೋಡಿದರು. ವರ್ಷಕ್ಕೆ ಒಂದು ದಿನ ಅದಕ್ಕೂ ರೆಸ್ಟ್ ಬೇಡ್ವೇನೋ ಎಂದು ತಾವೇ ಸ್ವಿಚ್ ಆರಿಸಿದರು. ನಾನು ಮೂರು ಅಡಿ ದೂರದಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದೆ. ಬೇಡ ಸಾರ್ ಎನ್ನಬೇಕು ಎಂದುಕೊಂಡೆ. ಮನೆಯವರೆಲ್ಲ ಇದ್ದರು. ಬಾಯಿ ಬರಲಿಲ್ಲ.

ದಿನಾಂಕ 10-10-2008 ಶುಕ್ರವಾರ ಬೆಳಿಗ್ಗೆ 8 ಗಂಟೆಗೆ ಸ್ವಿಚ್ ಹಾಕಿದೆ. 417 ಟಕ್ ಟಕ್ ಎಂದು ಹನ್ನೊಂದು ಸಲ ಹೊಡೆದುಕೊಂಡು ನಿಂತಿತು. 418 ತಿರುಗಲೇ ಇಲ್ಲ. ಎರಡೂ ಅವತ್ತೇ ಹೋದವು.

ಮಾರನೆಯ ದಿನ ಶನಿವಾರ ಮುನಿಯಕ್ಕ ಅವರು ಸ್ಟುಡಿಯೋಗೆ ಬಂದರು. ಅಳಿಯ ಮಗಳನ್ನು ಮನೆಯಿಂದ ಹೊರಗೆ ಹಾಕಿ ಎಂಟು ತಿಂಗಳಾಗಿದೆ, ಕೋರ್ಟಿನಲ್ಲಿ ನಾನು ಇವಳನ್ನು ಮದುವೆಯೇ ಆಗಿಲ್ಲ ಎಂದಿದ್ದಾನೆ, ಸಿ.ಡಿ. ಅವನ ಮನೆಯಲ್ಲೇ ಉಳಿದಿದೆ, ಪೂಜಾರಿ ನಮ್ಮ ನೆಂಟನಾದ್ದರಿಂದ ಅವನ ಸಾಕ್ಷಿ ಸಾಲದು ಎಂದು ವಕೀಲರು ಹೇಳಿದ್ದಾರೆ, 14ನೇ ತಾರೀಖು ವಿಡಿಯೋ ತಂದು ಕೊಡಬೇಕು, ಅದೇ ಕೊನೆಯ ದಿನ ಎಂದರು. ಸಾರ್ ಎದ್ದು ನಿಂತು, ಡಿಸ್ಕ್ ಹೋಗಿಬಿಟ್ಟಿದೆ ಮುನಿಯಕ್ಕ, ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಕೈ ಮುಗಿದರು. ಅವರಿಗೂ ಬೇಜಾರಾಗಿತ್ತು. ಮಧ್ಯಾಹ್ನ ಊಟ ಮಾಡಲಿಲ್ಲ.

ಇವತ್ತು ಬೆಳಿಗ್ಗೆ ಸಾರ್ ಬಿಲ್ಲು ತೆಗೆದು ನೋಡಿದರು. ಮೂರು ವರ್ಷದ ಗ್ಯಾರಂಟಿ ಇವತ್ತಿಗೆ ಮುಗಿಯುತ್ತದೆ. ಜೆ.ಪಿ. ನಗರದ ಸರ್ವಿಸ್ ಸೆಂಟರಿಗೆ ಕೊಟ್ಟು ಹೊಸದು ತಗೊಂಡು ಬಾ ಎಂದು 10 ಗಂಟೆ 40 ನಿಮಿಷಕ್ಕೆ ಎರಡೂ ಡಿಸ್ಕ್ ಮತ್ತು ಬಿಲ್ಲು ಕೊಟ್ಟು ಕಳಿಸಿದರು. ಹಳೆಯದನ್ನು ವಾಪಸ್ ಕೊಡುತ್ತಾರಾ ಎಂದು ನಾನು ಕೇಳಿದೆ. ಕೊಡಲ್ಲ, ಸತ್ತಿರೋದನ್ನ ಇಟ್ಕೊಂಡು ಏನ್ ಮಾಡ್ತೀಯ, ಮದುವೆಗಳಂತೂ ಹೋದವು, ಡಿಸ್ಕ್ ಆದ್ರೂ ಬರಲಿ ಎಂದರು.

11 ಗಂಟೆಗೆ ಬಸ್ ಸ್ಟ್ಯಾಂಡಿನಲ್ಲಿ ಮುನಿಯಕ್ಕ ಅವರು ನನ್ನನ್ನು ನೋಡಿ ಕರೆದರು. ಬೈಯುತ್ತಾರೆ ಎಂದುಕೊಂಡೆ. ಹೂವಿನ ಸರ ಮಾರು ಹಾಕುತ್ತಾ, ಅವ್ನು ತಾಳಿ ಕಟ್ಟಿದ್ದು ಹುಳಿಮಾವೆಲ್ಲ ನೋಡೈತೆ ಕಣಪ್ಪ, ಕೋರ್ಟಿಗೆ ಒಂದಕ್ಕೆ ಕಾಣ್ಸಂಗಿಲ್ಲ, ನಾಳೆ ಹೋಗಿ ನನ್ ಮಗಳು ಏನಂತ ನಿಂತ್ಕೊಳ್ಳಾದು, ಅವ್ಳಿಗೆ ಏನಂತ ಹೆಸರು ಎಂದು ಕೇಳಿದರು. ಜೆ.ಪಿ. ನಗರದ ಬಸ್ ಎದುರಿಗೆ ನಿಂತಿತ್ತು. ಅದು ಹೋಗುವವರೆಗೆ ನಿಂತಿದ್ದು, 9ನೇ ಬ್ಲಾಕಿನ ಬಸ್ ಹತ್ತಿದೆ. ಡಿಸ್ಕ್ ಕದಿಯುವ ಮನಸ್ಸು ನನಗೆ ಇರಲಿಲ್ಲ. ಆದರೆ ಡಿಸ್ಕ್ ಅವರದು, ಕೇಳದೆ ಬೇರೆ ಕಡೆ ತಂದವನು ನಾನು. ಇದನ್ನು ಒಪ್ಪುತ್ತೇನೆ.

ಈಗ 4 ಗಂಟೆ 28 ನಿಮಿಷ. 74 ಪರ್ಸೆಂಟ್. ಸಾರ್ ಅವರು ಹಾಳಾದ 417 ಮತ್ತು ಬಿಲ್ಲು ತೆಗೆದುಕೊಂಡು, ಒಂದಾದ್ರೂ ಬದಲಾಗಲಿ, ಕಂಪ್ಲೇಂಟ್ ಮಾತ್ರ ವಾಪಸ್ ತಗೊಳ್ಳಲ್ಲ ಎಂದು ಹೇಳಿ ಸ್ಕೂಟರಿನಲ್ಲಿ ಹೋದರು.

ಅಂಗಡಿಗೆ ನಾನು 11 ಗಂಟೆ 35 ನಿಮಿಷಕ್ಕೆ ಬಂದೆ. ಪಿಳ್ಳಣ್ಣ ಅವರು 418ಕ್ಕೆ ಕರೆಂಟ್ ಕೊಟ್ಟು ಬೆರಳಿಟ್ಟು ನೋಡಿದರು. ಸತ್ತಿಲ್ಲ, ಒಳಗೆ ಹಿಡ್ಕೊಂಡಿದೆ ಎಂದರು. ಡಿಸ್ಕನ್ನು ಅಂಗೈ ಮೇಲೆ ಮಟ್ಟವಾಗಿ ಇಟ್ಟುಕೊಂಡು, ಕರೆಂಟ್ ಕೊಟ್ಟ ಕ್ಷಣದಲ್ಲೇ ಮಣಿಕಟ್ಟು ಸರಕ್ಕನೆ ತಿರುಗಿಸಿದರು. ಆರು ಸಲ ಆಗಲಿಲ್ಲ. ಏಳನೆಯ ಸಲ 12 ಗಂಟೆ 10 ನಿಮಿಷಕ್ಕೆ ತಿರುಗಲು ಶುರುವಾಯಿತು. ಇನ್ನು ಇದನ್ನ ನಿಲ್ಲಿಸೋ ಹಂಗಿಲ್ಲ, ನಿಂತ್ರೆ ಮತ್ತೆ ಏಳುತ್ತೆ ಅಂತ ನಾನು ಹೇಳಲ್ಲ, ಬೇಕಾದ್ದನ್ನ ಮೊದ್ಲು ತಗೊ ಎಂದರು. ನಾನು ಹುಳಿಮಾವಿನ ಮದುವೆಗೆ ಕೈ ಹಾಕಿದೆ. ಮೊದಲನೇ ಟೇಪ್ 1 ಗಂಟೆ 5 ನಿಮಿಷಕ್ಕೆ ಬಂತು. ಎರಡನೆಯದು 38 ಪರ್ಸೆಂಟಿಗೆ ಬಂದು ಮುಂದೆ ಹೋಗಲಿಲ್ಲ, ಡಿಸ್ಕ್ ಮಾತ್ರ ತಿರುಗುತ್ತಲೇ ಇತ್ತು. ಡಿಸ್ಕ್ ಮುಟ್ಟಿದರೆ ಸುಡುತ್ತಿತ್ತು. ನಾನು ರಟ್ಟಿನಿಂದ ಗಾಳಿ ಹಾಕಿದೆ.

2 ಗಂಟೆ 30 ನಿಮಿಷಕ್ಕೆ ಕರೆಂಟ್ ಹೋಯಿತು. ಅಂಗಡಿಯ ಯು.ಪಿ.ಎಸ್. ಇಪ್ಪತ್ತು ನಿಮಿಷ ಬರುತ್ತದೆ. ಪಿಳ್ಳಣ್ಣ ಅವರು ಉಳಿದ ಎಲ್ಲ ಕಂಪ್ಯೂಟರ್ ಆರಿಸಿದರು, ನಮ್ಮದರ ಮಾನಿಟರನ್ನೂ ಆರಿಸಿದರು. ಕಿಟಕಿಯಿಲ್ಲದ ಅಂಗಡಿಯ ಕತ್ತಲಲ್ಲಿ ಡಿಸ್ಕಿನ ಸದ್ದು ಮಾತ್ರ ಕೇಳುತ್ತಾ ಕುಳಿತೆವು. ಯು.ಪಿ.ಎಸ್. ಮೊದಲು ನಿಧಾನವಾಗಿ ಕೂಗುತ್ತಿತ್ತು, ಆಮೇಲೆ ಬಿಡದೆ ಕೂಗಿತು. 2 ಗಂಟೆ 47 ನಿಮಿಷಕ್ಕೆ ಕರೆಂಟ್ ಬಂತು. ಮಾನಿಟರ್ ಹಾಕಿ ನೋಡಿದರೆ 39 ಆಗಿತ್ತು.

3 ಗಂಟೆ 5 ನಿಮಿಷಕ್ಕೆ ಸಾರ್ ನನ್ನ ಮೊಬೈಲಿಗೆ ಫೋನ್ ಮಾಡಿದರು. ಸರ್ವಿಸ್ ಸೆಂಟರಿಗೆ ಯಾರೂ ಬಂದಿಲ್ಲವಂತೆ, ಎಲ್ಲಿ ಸತ್ತಿದೀಯ ಎಂದು ಕೇಳಿದರು. ಪಿಳ್ಳಣ್ಣನವರ ಅಂಗಡಿಯಲ್ಲಿದ್ದೇನೆ, ಡಿಸ್ಕ್ ಓಡುತ್ತಿದೆ ಎಂದೆ. ಗ್ಯಾರಂಟಿ ಮುಗಿದ ಮೇಲೆ ಅದು ಓಡಿದ್ರೆ ನನಗೇನು ಬಂತು, ಈಗಲೇ ಬಿಚ್ಚಿಕೊಂಡು ಜೆ.ಪಿ. ನಗರಕ್ಕೆ ಹೋಗು ಎಂದರು. ಆಗಲ್ಲ ಸಾರ್ ಎಂದೆ. ನಾಲ್ಕು ವರ್ಷದಲ್ಲಿ ಅವರಿಗೆ ಹೀಗೆ ಹೇಳಿದ್ದು ಇದೇ ಮೊದಲು. ಅವರು ಏನು ಎಂದು ಮತ್ತೆ ಕೇಳಿದರು. ನಾನು ಅದನ್ನೇ ಹೇಳಿದೆ.

3 ಗಂಟೆ 50 ನಿಮಿಷಕ್ಕೆ ಸಾರ್ ಅವರು ಬೈಲಪ್ಪ ಅವರನ್ನು ಕರೆದುಕೊಂಡು ಬಂದರು. ಸಾರ್ ನೇರವಾಗಿ ಪ್ಲಗ್ ಕಡೆಗೆ ಕೈ ಹಾಕಿದರು. ನಾನು ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತೆ. ಅವರು ನನ್ನ ಅಂಗಿ ಹಿಡಿದು ಎಳೆದರು, ಎರಡು ಗುಂಡಿ ಕಿತ್ತವು. ನಾನು ಅವರ ಮೇಲೆ ಕೈ ಮಾಡಿಲ್ಲ. ಅಲ್ಲಿಂದ ಸರಿಯಲೂ ಇಲ್ಲ. ಬೈಲಪ್ಪ ಅವರು ಮಧ್ಯೆ ಬಂದು ಬಿಡಿಸಿದರು.

ಈಗ 4 ಗಂಟೆ 46 ನಿಮಿಷ. 96 ಪರ್ಸೆಂಟ್. ನಡೆದದ್ದೆಲ್ಲ ಬರೆದಾಯಿತು, ಇನ್ನು ಬರೆಯಲು ಏನೂ ಇಲ್ಲ. ಬೈಲಪ್ಪ ಅವರಿಗೆ ಹಾಗೆಂದು ಹೇಳಿದೆ. ಅವರು ಹಾಳೆ ಕೇಳಲಿಲ್ಲ. ಟೀ ತರಿಸಿದರು.

4 ಗಂಟೆ 53 ನಿಮಿಷಕ್ಕೆ ಫೈಲ್ ಪೂರ್ತಿ ಬಂತು. ಬೈಲಪ್ಪ ಅವರು ಹಾಕು ನೋಡೋಣ ಎಂದಿದ್ದರಿಂದ ಅವರ ಮತ್ತು ಪಿಳ್ಳಣ್ಣ ಅವರ ಎದುರಿಗೆ ಹಾಕಿ, ತಾಳಿಯ ಹತ್ತಿರಕ್ಕೆ ಓಡಿಸಿದೆ. 31ನೇ ನಿಮಿಷದಲ್ಲಿ ತಾಳಿ ಕಟ್ಟುವುದು ಬರುತ್ತದೆ. ನೆಂಟರು ಅಕ್ಷತೆ ಹಾಕಲು ಮುಂದೆ ನುಗ್ಗಿದ್ದರಿಂದ ಹುಡುಗನ ಬೆನ್ನು ಮತ್ತು ಎರಡು ಕೈ ಮಾತ್ರ ಕಾಣುತ್ತವೆ, ಮುಖ ಕಾಣುವುದಿಲ್ಲ. ಈ ಬೆನ್ನು ಯಾರದು ಅಂತ ಅವ್ನ ಲಾಯರ್ ಕೇಳ್ತಾನೆ ಎಂದು ಬೈಲಪ್ಪ ಅವರು ಹೇಳಿದರು. ಪಿಳ್ಳಣ್ಣ ಅವರು ಕುರ್ಚಿಯಿಂದ ಎದ್ದರು. ನಾನು ನಿಲ್ಲಿಸದೆ ಬಿಟ್ಟೆ.

33 ನಿಮಿಷ 40 ಸೆಕೆಂಡಿಗೆ ಮುತ್ತುರಾಜ ಜನರ ಮಧ್ಯದಿಂದ ಈ ಕಡೆ ತಿರುಗುತ್ತಾನೆ. ಬಾಸಿಂಗ ಮೇಲೆ ಸರಿಸುತ್ತಾನೆ. ಭಾಗ್ಯಜ್ಯೋತಿಯ ಕೊರಳಿನ ತಾಳಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಕ್ಯಾಮೆರಾ ನೋಡಿ ನಗುತ್ತಾ, ನಾನು ಕಟ್ಟಿದ್ದು ಸರಿಯಾಗಿ ಬಿತ್ತಾ ಗುರು, ನನ್ ಮುಖ ಬಿತ್ತಾ ಎಂದು ಕೇಳುತ್ತಾನೆ. ಬಿತ್ತು ಸಾರ್ ಎಂದು ಉತ್ತರ ಕೊಡುವ ದನಿ ನನ್ನದು.

ಇಲ್ಲಿಯವರೆಗೆ ಬರೆದದ್ದು ನಾನು ಕಂಡದ್ದು, ಮಾಡಿದ್ದು. ಯಾರೂ ಹೇಳಿ ಬರೆಸಿಲ್ಲ. ಮೊದಲಿಂದ ಓದಿ ನೋಡಿ, ಸರಿ ಇದೆ ಎಂದು ರುಜು ಹಾಕಿದ್ದೇನೆ.

ಸ್ಥಳ: ಜಯನಗರ 9ನೇ ಬ್ಲಾಕ್, ಬೆಂಗಳೂರು
ದಿನಾಂಕ: 13-10-2008, ಸಂಜೆ 5 ಗಂಟೆ 20 ನಿಮಿಷ

(ಸಹಿ) ಸಂಗಮೇಶ
ನನ್ನ ಸಮಕ್ಷಮ: (ಸಹಿ) ಬೈಲಪ್ಪ, ಹೆಡ್ ಕಾನ್‌ಸ್ಟೇಬಲ್