ಹನ್ನೊಂದನೇ ಇಲಿಯ ಗೀರು

ಸಾಲಿ... ಸಾಲಿಟೇ... ನಾಲಿಗೆ ತುದಿಯಲ್ಲೇ ಇದೆ, ಬರ್ತಾ ಇಲ್ಲ. ಇಲಿ ಮಿದುಳಿನ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು, ಸಾಸಿವೆಯಷ್ಟು ಜಾಗ. ಒಂಟಿ ದಾರಿ ಅಂತ ಆ ಹೆಸರಿನ ಅರ್ಥ. ಇರಲಿ, ಅಲ್ಲಿ ಖಾಲಿ ಬಿಟ್ಟು ಮುಂದೆ ಬರಿ. ಈ ಕೈ ನಡುಗದೇ ಇದ್ದಿದ್ದರೆ ಈ ಕಾಗದಕ್ಕೆ ಉತ್ತರ ಬರೆಯೋಕೆ ನಿನ್ನನ್ನ ಯಾಕೆ ಕೂರಿಸ್ಕೊಳ್ತಿದ್ದೆ...

ಯಾಕೆ ನಗ್ತೀಯ? ಇಲಿ ಅಂದಿದ್ದಕ್ಕಾ? ನಗು, ನಗು. ನಿಮ್ಮಜ್ಜಿ ಹನ್ನೆರಡು ವರ್ಷ ಲ್ಯಾಬಲ್ಲಿ ಇಲಿ ಮಿದುಳು ಕೊಯ್ದೇ ಮನೆ ನಡೆಸಿದ್ದು. ನಿಮ್ಮಮ್ಮನ ಶಾಲೆ ಚೀಲವೂ ಇಲಿಯದೇ ಪುಣ್ಯ.

ಅಫೀಮಿನ ಜಾತಿ ಮದ್ದು ನೋವು ತಗ್ಗಿಸುತ್ತಲ್ಲ, ಅದು ಮಿದುಳಲ್ಲಿ ಎಲ್ಲೆಲ್ಲಿ ಹೋಗಿ ಕೂರುತ್ತೆ ಅಂತ ನಕ್ಷೆ ಮಾಡ್ತಿದ್ವಿ. ಹೆಪ್ಪುಗಟ್ಟಿದ ಮಿದುಳನ್ನ ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ಯೋದು, ಗಾಜಿಗೆ ಅಂಟಿಸೋದು, ವಿಕಿರಣ ಬೆರೆಸಿದ ಮದ್ದಲ್ಲಿ ಅದ್ದೋದು. ಆಮೇಲೆ ಫಿಲ್ಮ್ ಒತ್ತಿ ಕತ್ತಲ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇಡೋದು. ಮದ್ದು ಕೂತಲ್ಲೆಲ್ಲ ಫಿಲ್ಮಿನ ಮೇಲೆ ಕಪ್ಪು. ಅಷ್ಟೇ ಕೆಲಸ. ಬೆರಳು ಮರಗಟ್ಟೋದು, ಬೆನ್ನು ಮುರಿಯೋದು.

ಆ ಸಲ ಹನ್ನೆರಡು ಇಲಿ. ಎಲ್ಲಕ್ಕೂ ಕತ್ತಿನ ಎಡಗಡೆ ನರ ಕತ್ತರಿಸಿದ್ರು. ಆ ಸಾಸಿವೆಯಷ್ಟು ಜಾಗದಲ್ಲಿ ಕಪ್ಪು ಯಾವ ಪಕ್ಕ ಮಸುಕಾಗುತ್ತೆ ಅಂತ ನೋಡಬೇಕಿತ್ತು. ಆದರೆ ಕೊಯ್ದ ಚೂರು ಮಗುಚಿ ಅಂಟಿಕೊಂಡರೆ ಎಡ ಯಾವುದು, ಬಲ ಯಾವುದು, ದೇವರಿಗೂ ಗೊತ್ತಾಗಲ್ಲ. ಅದಕ್ಕೇ ಕೊಯ್ಯೋ ಮೊದಲು ಮಿದುಳಿನ ಬಲಗಡೆ ಸೂಜಿಯಿಂದ ಒಂದು ಗೀರು. ಗೀರು ಹಾಕಿದೆ ಅಂತ ಆ ಇಲಿಯ ಗಾಜುಗಳನ್ನಿಡೋ ಡಬ್ಬಿ ಮುಚ್ಚಳದ ಮೇಲೆ ಒಂದು ಟಿಕ್. ಹನ್ನೊಂದನೇ ಡಬ್ಬಿಗೆ ಟಿಕ್ ಇತ್ತು, ಮಿದುಳಿಗೆ ಗೀರೇ ಇರಲಿಲ್ಲ.

ನಕ್ಷೆ ಅಚ್ಚಿಗೆ ಹೋಗೋ ವಾರ ದೊಡ್ಡ ಡಾಕ್ಟರ್ ಭೂತಗನ್ನಡಿ ಇಟ್ಟು ನೋಡಿದ್ರು. ಇದನ್ನ ಕೊಯ್ದವರು ಯಾರು ಅಂದ್ರು. ಆ ಕೋಣೆಯಲ್ಲಿ ಇದ್ದಿದ್ದೇ ಇಬ್ಬರು, ನಾನು, ಗುಬ್ಬಿ. ಈ ಕಾಗದ ಬರೆದಿರೋ ಹುಡುಗಿಯ ಅಮ್ಮ. ಸಣ್ಣ ಮೈ, ಬಾಯಿಗೆ ಬಿಡುವಿಲ್ಲ, ಅದಕ್ಕೇ ಗುಬ್ಬಿ ಅಂತಿದ್ದೆ. ಹುಟ್ಟಿದೂರು ಬಿಟ್ಟು ಬಂದ ನನಗೆ ಆ ಊರಲ್ಲಿ ನನ್ನವರು ಅಂತ ಇದ್ದಿದ್ದು ಅವಳೊಬ್ಬಳೇ.

ಅವಳೇ ಅಂತ ಆಯ್ತು. ಸುಳ್ಳು ಟಿಕ್ ಹಾಕಿದವಳು ನಮಗೆ ಬೇಡ ಅಂದ್ರು. ಏಪ್ರನ್ ಮಡಿಚಿಟ್ಟು ಹೋದಳು.

ಈಗ ಈ ಹುಡುಗಿ ಕೇಳಿದ್ದಾಳೆ: ಅಮ್ಮ ಹೋದ ತಿಂಗಳು ತೀರಿಕೊಂಡರು, ಕೊನೇವರೆಗೂ 'ನಾನು ಗೀರು ತಪ್ಪಿಸಿದವಳಲ್ಲ' ಅಂತಿದ್ದರು, ನಿಮಗೇನಾದ್ರೂ ಗೊತ್ತಾ ಅಂತ. ಹೀಗೆ ಬರಿ... ಅಮ್ಮನದು ದೊಡ್ಡ ತಪ್ಪಲ್ಲ. ಆ ದಿನ ಮಗುವಿಗೆ ಜ್ವರ ಅಂತ ಶಾಲೆಯಿಂದ ಫೋನ್ ಬಂತು. ಮಿದುಳು ಆಗಲೇ ಅಲಗಿನ ಕೆಳಗಿತ್ತು, ಸೂಜಿ ಎತ್ತೋಕೆ ಪುರಸೊತ್ತಿರಲಿಲ್ಲ. ಬೇಗ ಬೇಗ ಕೊಯ್ದು, ಟಿಕ್ ಹಾಕಿ ಓಡಿದ್ದು. ಯಾವ ತಾಯಿಯಾದ್ರೂ...

ಯಾಕೆ ನಿಲ್ಲಿಸಿದೆ? ಶಾಯಿ ಮುಗೀತಾ?

ಕಾಗದ ಮತ್ತೆ ಯಾಕೆ ಬಿಚ್ತೀಯ? ಎಲ್ಲಿ... ಬೆರಳಿಟ್ಟು ತೋರಿಸಿದರೆ ನನಗೆ ಕಾಣುತ್ತಾ, ಕನ್ನಡಕ ಕೊಡು.

'ಅಮ್ಮ ಕೆಲಸ ಬಿಟ್ಟ ಮೂರು ವರ್ಷಕ್ಕೆ ನಾನು ಹುಟ್ಟಿದೆ. ನಾನೊಬ್ಬಳೇ ಮಗಳು.'

ಹೂಂ.

ಏನಾದ್ರೂ ಅನ್ನು. ಬೈಯೋದಾದ್ರೂ ಬೈ. ಅವತ್ತು ನಾನೂ ಹೀಗೇ ಕೂತಿದ್ದೆ, ನಿನ್ನ ಥರ, ತುಟಿ ಪಿಟಕ್ ಅನ್ನದೆ. ದೊಡ್ಡ ಡಾಕ್ಟರ್ ಮೊದಲು ನನ್ನ ಮುಖ ನೋಡಿದ್ರು. ನಾನು ಗುಬ್ಬಿ ಕಡೆ ನೋಡಿದೆ. ಅಷ್ಟೇ ಮಾಡಿದ್ದು ಕಣೇ. ಅಷ್ಟೇ ಸಾಕಾಯ್ತು. ಅವಳು ನನಗೆ ಶಾಲೆಯಿಂದ ಫೋನ್ ಬಂದಿದ್ದನ್ನ ನೋಡಿದ್ದಳು, ನನ್ನ ಚೀಲ ಎತ್ತಿಕೊಟ್ಟು ಕಳಿಸಿದವಳೇ ಅವಳು. ಆದ್ರೂ ಹೇಳಲಿಲ್ಲ. ಬಾಗಿಲ ಹತ್ತಿರ ನಿಂತು ಕೇಳಿದ್ದು ಒಂದೇ, ಮಗು ಈಗ ಹೇಗಿದೆ ಅಂತ.

ಜ್ವರ ಬಂದಿದ್ದು ನಿಮ್ಮಮ್ಮನಿಗೆ.

ಆ ಹಾಳೆ ಹರಿದು ಹಾಕು. ಹೊಸದು ತಗೋ. ಸಾಕಾಗಿದೆ ನನಗೆ, ಇದನ್ನ ಹೊತ್ತು ಹೊತ್ತು... ಸಾಲಿಟೇರಿಯಸ್. ನೋಡು, ಈಗ ಬಂತು. ಅದು ಆಮೇಲೆ ಬರೆದರಾಯ್ತು. ಮೊದಲು ನನ್ನ ಹೆಸರು ಬರಿ, ಪೂರ್ತಿ ಹೆಸರು. ಅದರ ಕೆಳಗೆ, ಹನ್ನೊಂದನೇ ಇಲಿಯನ್ನ ಕೊಯ್ದವಳು ನಾನು ಅಂತ.

ಬರಿ ಮಗು.