ತಗ್ಗಿಸಿದ ಸಂಗು

ಇದು ಕಟ್ಟಿದ ಕತೆಯಲ್ಲ. ನಂದಿದುರ್ಗ ಚಿನ್ನದ ಗಣಿಯ ಲೈನ್‌ಮನೇಲಿ, ಅಂದ್ರೆ ಕೂಲಿಗಳ ಸಾಲುಮನೇಲಿರೋ ನಮ್ಮ ಮುನೀಂದ್ರಣ್ಣನಿಗೆ ಆಗಿದ್ದು. ದೀಪ ಇರ್ಲಿ, ಆರಿಸ್ಬೇಡಿ.

ಆವತ್ತು ರಾತ್ರಿ ಅವನು ಬಂಗಾರಪೇಟೆಯಿಂದ ರೈಲಲ್ಲಿ ಬಂದು, ಹಳೇ ಬಾವಿ ಪಕ್ಕದ ದಾರೀಲಿ ಒಬ್ಬನೇ ನಡ್ಕೊಂಡು ಬರ್ತಿದ್ದ. ಕಂಕುಳಲ್ಲಿ ಒಂದು ಸೈರನ್. ಯಾವುದೋ ಹಳ್ಳಿಯ ಹಾಲಿನ ಡೈರಿಯದು. ಕಳ್ಳ ಬಂದ್ರೆ ಕೂಗ್ಬೇಕಾದ್ದು, ಮಧ್ಯ ಮಧ್ಯ ನಿಂತೋಗ್ತಿತ್ತು ಅಂತ ರಿಪೇರಿಗೆ ತಂದಿದ್ದ. ಬಾವಿ ಒಳಗಿಂದ ‘ಗುಳುಂ’ ಅಂತು... ಕಪ್ಪೆ ಇರ್ಬೇಕು ಅಂದ್ಕೊಂಡ. ಆ ಬಾವಿ ಬತ್ತಿ ಎಷ್ಟೋ ವರ್ಷ ಆಗಿದೆ ಅನ್ನೋದು ಬಾಗಿಲು ತಟ್ಟೋವಾಗ ನೆನಪಾಯ್ತು.

ಹೆಂಡತಿ ಶ್ಯಾಮಲಾ ಬಡಿಸಿದ ಊಟ ಮುಗಿಸಿ, ಅವಳು ಒಳಗೆ ಮಲಗಿದ ಮೇಲೆ, ಬಿಟ್ಟೋಗಿದ್ದ ತಂತಿಗೆ ಬೆಸುಗೆ ಹಾಕಿ, ಸೈರನ್‌ನ ಬ್ಯಾಟರಿಗೆ ಕೊಟ್ಟ.

‘ಊಂಯ್ಞ್‌...!’

ಪಾತ್ರೆಗಳೆಲ್ಲ ‘ಜಿರ್ರ್’ ಅಂದ್ವು. ಪಕ್ಕದ ಮನೆ ಕೂಸು ಕಿಟಾರ್ ಅಂತು. “ಏನ್ ಮುನೀಂದ್ರ, ಊರೆಲ್ಲ ಎದ್ದೇಳ್ಬೇಕಾ?” ಗೋಡೆ ಆಚೆಯಿಂದ ರಾಧಾಮಣಿ ಕೂಗಿದಳು. ಮೂಲೇಲಿ ಮಲಗಿದ್ದ ತಾಯಿ ಪೆದ್ದಮ್ಮ ಮಾತ್ರ ಅಲುಗಲಿಲ್ಲ. ಆಕೆಗೆ ಕಿವಿ ಪೂರ್ತಿ ಹೋಗಿತ್ತು.

ನಿಲ್ಲುತ್ತೋ ಇಲ್ವೋ ನೋಡೋಕೆ ಅದು ಬಹಳ ಹೊತ್ತು ಕೂಗ್ಲೇಬೇಕು. ಸರಿ, ಸೈರನ್ ಬಾಯಿಗೆ ಹಳೇ ಬಟ್ಟೆ ತುರುಕಿದ. ಸಾಲ್ದು. ತಂತಿ ಮಧ್ಯ ಒಂದು ಸಣ್ಣ ಬಲ್ಬ್ ಸೇರಿಸಿದ. ಅರ್ಧ ಕರೆಂಟ್ ಬಲ್ಬೇ ತಿಂದ್ಬಿಡ್ತು. ಬಲ್ಬ್ ಮಂಕಾಗಿ ಉರೀತು, ಸದ್ದು ಸೊಳ್ಳೆಯಷ್ಟಾಯ್ತು. ‘ಞೀ...’

ಪೆದ್ದಮ್ಮ ಎದ್ದು ಕೂತಳು.

“ಸಂಗು ಕೂಗ್ತಾ ಐತೆ.”

ಗಣಿ ಸೈರನ್‌ಗೆ ಅಲ್ಲಿ ಸಂಗು ಅಂತಾರೆ. ಒಳಗೆ ಬಂಡೆ ಸಿಡಿದ್ರೆ ಬಿಡದೆ ಕೂಗೋದು. ಹೆಂಗಸ್ರು ಗಣಿ ಬಾಯಿಗೆ ಓಡೋರು. ಮುನೀಂದ್ರನ ತಂದೆ ಆಂಜಿನಪ್ಪ ಸತ್ತದ್ದೂ ಹಂಗೇ, ಒಳಗೆ ಬಂಡೆ ಸಿಡಿದು. ಗಣಿ ಮುಚ್ಚಿ ಎಷ್ಟು ಕಾಲ ಆಯ್ತು!

“ಅಮ್ಮಾ, ಇದು ಡೈರೀದು...”

“ನಿಮ್ಮಪ್ಪ ಒಳಗವ್ನೆ ಕಣ್ಲಾ.”

ಸೆರಗು ಬಿಗಿದು ಹೊರಟೇಬಿಟ್ಟಳು. ಮುನೀಂದ್ರ ಗಾಬರಿಯಾಗಿ ತಂತಿ ಕಿತ್ತ. ಬಲ್ಬ್ ಆರಿತು... ಸದ್ದು ಆರಲಿಲ್ಲ. ‘ಞೀ...’ ಅಂತಲೇ ಇತ್ತು. ಗಣಿ ಕಡೆಯಿಂದ.

ಹೊರಗೆ ಓಡಿದ. ಬರಿಗಾಲು ಜಲ್ಲಿ ಮೇಲೆ ‘ಸರಕ್ ಸರಕ್’... ಬಳೆ ‘ಕಿಣಿ ಕಿಣಿ’... ದಾರಿ ತುಂಬ ಹೆಂಗಸರು. ತಲೆ ಮೇಲೆ ಸೆರಗು. ಎಲ್ಲರ ಮುಖ ಗಣಿ ಕಡೆಗೆ.

“ಯಾರ್ಯಾರಂತೆ?” ಒಬ್ಬಳು ಪಿಸುಗುಟ್ಟಿದಳು.

“ಗೊತ್ತಿಲ್ಲಕ್ಕ...”

“ಆಂಜಿನಪ್ಪನ ಎಂಡ್ತಿ ಬಂದ್ಲಾ?”

“ಬಂದ್ಲು. ಇಲ್ಲೇ ಅವ್ಳೆ.”

ಅಮ್ಮನ ಬೆನ್ನು ಅವರ ನಡುವೆ ಕಂಡಿತು. ಇವನು ಓಡಿದಷ್ಟೂ ಅವರು ಅಷ್ಟೇ ದೂರ. ಕೂಸು ಎದ್ದಾಗ, ರಾಧಾಮಣಿ ಬೈದಾಗ ಈ ದಾರೀಲಿ ಒಂದು ನರಪಿಳ್ಳೆ ಇರ್ಲಿಲ್ಲ. ಸದ್ದು ತಗ್ಗಿಸಿದ ಮೇಲೇ ತಾನೇ ಇವರು ಬಂದದ್ದು?

ತಿರುಗಿ ಮನೆಗೆ ಓಡಿದ. ಬಟ್ಟೆ ಕಿತ್ತೆಸೆದ. ಬಲ್ಬ್ ತೆಗೆದು ತಂತಿ ನೇರ ಬ್ಯಾಟರಿಗೆ ಒತ್ತಿ ಹಿಡಿದ.

‘ಊಂಯ್ಞ್‌...!’

ಲೈನ್ ಪೂರ್ತಿ ದೀಪ ಹತ್ತಿದ್ವು. ಬಾಗಿಲು ‘ದಡಾರ್ ದಡಾರ್’. ಬೈಗುಳ, ನಾಯಿ, ಟಾರ್ಚು. “ಅಮ್ಮ ಗಣಿ ಕಡೆ ಹೋದ್ಲು!” ಅಂದದ್ದೇ ಶ್ಯಾಮಲಾ ಎಲ್ಲರಿಗಿಂತ ಮುಂದೆ ಓಡಿದಳು. ದಾರೀಲಿ ಯಾರೂ ಇಲ್ಲ. ಗಣಿ ಬಾಯಿಗೆ ಹಾಕಿದ ಬೇಲಿ ಮುರಿದಿದ್ದ ಕಡೆ ಪೆದ್ದಮ್ಮ ಒಬ್ಬಳೇ ನಿಂತಿದ್ದಳು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ.

ಬದುಕಿಕೊಂಡಳು. ಈಗಲೂ ಇದ್ದಾಳೆ.

ನೀವು ನಂಬಿ, ಬಿಡಿ. ಆದ್ರೆ ಮನೆಗೆ ಕರ್ಕೊಂಡು ಬಂದು ದೀಪದ ಕೆಳಗೆ ಕೂರಿಸಿದಾಗ, ಗಂಡ ಹೋದ ಮೇಲೆ ಹೂವೇ ಮುಡಿಯದ ಆ ಮುದುಕಿ ತಲೇಲಿ ಒಂದು ಮೊಳ ಕನಕಾಂಬರ ಇತ್ತು. ಆಗಷ್ಟೇ ಕಟ್ಟಿದ್ದು, ಇನ್ನೂ ಒದ್ದೆ. ಬಿಚ್ಚಿ ತೆಗೆದದ್ದು ಶ್ಯಾಮಲಾ. ಹೋಗಿ ಕೇಳಿ ಬೇಕಾದ್ರೆ.